ಅಳಿವೆಯ ಗಿಡಗಳ ಬೆನ್ನು ಹತ್ತುವವರಿಗೆ

ಮನೆ ಯಲಹಂಕದ ಬಳಿಯ ಸಿಂಗಾಪುರದಲ್ಲಿ, ಕೆಲಸ ಕುಮಟಾದ ಅಘನಾಶಿನಿ ಅಳಿವೆಯಲ್ಲಿ. ಕಾಂಡ್ಲ, ಉಪ್ಪಟಿ, ಹೊಳೆಚುಳ್ಳಿಯಂಥ ಉಪ್ಪುನೀರಿನ ಗಿಡಗಳಲ್ಲಿ ಔಷಧದ ಅಂಶ ಹುಡುಕಲು ಬರುವ ಹುಡುಗ ಹುಡುಗಿಯರಿಗೆ ನಾನು ಮತ್ತೆ ಮತ್ತೆ ಹೇಳುವ ಮಾತುಗಳಿವು.

1. ಮೊದಲ ಅನುಮಾನ ಉಪ್ಪಿನ ಮೇಲಿರಲಿ. ಕಾಂಡ್ಲ ಬಹುಪಾಲು ಉಪ್ಪನ್ನು ಬೇರಿನಲ್ಲೇ ತಡೆಯುತ್ತದೆ. ಉಪ್ಪಟಿ ಒಳಗೆ ಬಿಟ್ಟುಕೊಂಡು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತದೆ. ಬಿಸಿಲೇರಿದ ಮೇಲೆ ಎಲೆ ನೆಕ್ಕಿದರೆ ನಾಲಿಗೆಗೇ ತಿಳಿಯುತ್ತದೆ. ಇಂಥ ಎಲೆಯನ್ನು ನೀರಿನಲ್ಲಿ ಕುದಿಸಿ ತೆಗೆದ ಸಾರ ಬ್ಯಾಕ್ಟೀರಿಯಾ ಬೆಳೆಯದಂತೆ ಮಾಡಿದರೆ ಹಿಗ್ಗಬೇಡಿ. ಉಪ್ಪಿನಕಾಯಿ ಕೆಡದಿರುವುದೂ ಅದೇ ಕಾರಣಕ್ಕೆ. ಅಷ್ಟೇ ಸಾಂದ್ರತೆಯ ಬರೀ ಉಪ್ಪುನೀರನ್ನು ಪಕ್ಕದ ತಟ್ಟೆಗೆ ಹಾಕಿ ನೋಡಿ. ಆಮೇಲೆ ಸಾರವನ್ನು ಬ್ಯೂಟನಾಲ್ ಮತ್ತು ನೀರಿನ ನಡುವೆ ಬೇರ್ಪಡಿಸಿ. ಉಪ್ಪು ನೀರಿನ ಕಡೆ ಉಳಿಯುತ್ತದೆ.

2. ಎರಡನೆಯ ಅನುಮಾನ ಟ್ಯಾನಿನ್ ಮೇಲೆ. ಹಿಂದೆ ಚರ್ಮ ಹದ ಮಾಡಲು ಕಾಂಡ್ಲದ ತೊಗಟೆ ಬಳಸುತ್ತಿದ್ದರು. ಚರ್ಮದ ಪ್ರೋಟೀನನ್ನು ಹಿಡಿಯುವ ಟ್ಯಾನಿನ್ ನಿಮ್ಮ ಪರೀಕ್ಷೆಯ ಕಿಣ್ವವನ್ನೂ ಹಿಡಿಯುತ್ತದೆ, ಫಲಿತಾಂಶ ಚೆನ್ನಾಗಿಯೇ ಕಾಣುತ್ತದೆ. ಟ್ಯಾನಿನ್ ತಡೆಯುವ ಪಾಲಿಅಮೈಡ್ ಕಾಲಂನಲ್ಲಿ ಸಾರವನ್ನು ಹಾಯಿಸಿದ ಮೇಲೂ ಆ ಪರಿಣಾಮ ಉಳಿದರೆ ಮಾತ್ರ ಮುಂದುವರಿಯಿರಿ.

3. ಮಾದರಿಯ ಚೀಟಿಯ ಮೇಲೆ ತಾರೀಖು, ಊರು ಬರೆದರೆ ಸಾಲದು; ನೀರಿನ ಲವಣಾಂಶ, ಉಬ್ಬರವೋ ಇಳಿತವೋ ಎಂಬುದೂ ಬೇಕು. ಈ ಪಾಠವೇ ಎಲ್ಲಕ್ಕಿಂತ ದೊಡ್ಡದು ಅನ್ನಿಸುತ್ತದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಅಳಿವೆಯ ನೀರು ಹೆಚ್ಚುಕಡಿಮೆ ಸಿಹಿ, ಏಪ್ರಿಲ್–ಮೇ ಹೊತ್ತಿಗೆ ಸಮುದ್ರದಷ್ಟೇ ಉಪ್ಪು. ಪಕ್ಕದ ಹೊನ್ನಾವರದ ಶರಾವತಿ ಹಾಗಲ್ಲ. ಲಿಂಗನಮಕ್ಕಿ, ಗೇರುಸೊಪ್ಪೆಗಳಲ್ಲಿ ವಿದ್ಯುತ್ ತೆಗೆದು ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಇಳಿದುಬರುವುದರಿಂದ ಆ ಅಳಿವೆಯ ಉಪ್ಪು ತಗ್ಗಿದೆ. ಉಪ್ಪಿನ ಒತ್ತಡ ತಾಳಲೆಂದೇ ಗಿಡ ಬೀಟೈನ್, ಪಾಲಿಫಿನಾಲ್‌ಗಳನ್ನು ಕೂಡಿಡುತ್ತದೆ. ನಮಗೆ ಬೇಕಾದ ಅಂಶಗಳು ಆ ಸಂಕಟದಲ್ಲಿ ಹುಟ್ಟಿದವು. ಹಾಗಾಗಿ ಎರಡು ಅಳಿವೆಗಳ ಉಪ್ಪಟಿ ಜಾತಿಯಲ್ಲಿ ಒಂದೇ, ಸಾರದಲ್ಲಿ ಒಂದೇ ಆಗಿರಬೇಕಿಲ್ಲ. ಸಿಂಗಾಪುರದ ತಾರಸಿಯ ಕುಂಡದಲ್ಲಿ ಕಡಲ ದಂಡೆಯ ಅಡುಂಬು ಬಳ್ಳಿ ಬೆಳೆಸಿ ಕೆಲಸ ಸುಲಭ ಮಾಡಿಕೊಳ್ಳೋಣ ಅನ್ನುವವರಿಗೂ ನನ್ನ ಉತ್ತರ ಇದೇ.

4. ಎಲೆಯನ್ನು ಅಲ್ಲೇ ನೆರಳಲ್ಲಿ ಒಣಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಹಸಿ ಎಲೆ ರೈಲು ಯಶವಂತಪುರ ಮುಟ್ಟುವಷ್ಟರಲ್ಲಿ ಬೆವರಿ ಕೊಳೆಯತೊಡಗಿರುತ್ತದೆ.

5. ಊರವರನ್ನು ಕೇಳುವಾಗ ಮದ್ದಿನ ಜೊತೆ ವಿಷವನ್ನೂ ಕೇಳಿ. ಮದ್ದಿನ ಮಾತು ಬಾಯಿಂದ ಬಾಯಿಗೆ ಬೆಳೆಯುತ್ತದೆ; ವಿಷದ ಮಾತಿನಲ್ಲಿ ಉತ್ಪ್ರೇಕ್ಷೆ ಕಡಿಮೆ. ಎಕ್ಸೊಕೇರಿಯಾ ಅಗಲ್ಲೋಚ ಎಂಬ ಕಾಂಡ್ಲಕಾಡಿನ ಮರದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಅದೇ ಮರದಿಂದ 1990ರ ದಶಕದಲ್ಲಿ ಎಚ್‌ಐವಿ ತಡೆಯುವ ಫೋರ್ಬಾಲ್ ಎಸ್ಟರ್ ಪತ್ತೆಯಾಯಿತು. ಹಾಗೆಂದು ಎಲ್ಲ ಊರಮದ್ದೂ ಬೊಗಳೆಯಲ್ಲ. ಥಾಯ್ಲೆಂಡಿನಲ್ಲಿ ಅಂಬಲಿ ಮೀನು ಕುಟುಕಿದ ಜಾಗಕ್ಕೆ ಅಡುಂಬು ಸೊಪ್ಪು ಹಚ್ಚುತ್ತಿದ್ದರು. ಅಲ್ಲಿನ ವಿಜ್ಞಾನಿಗಳು ಅದರಲ್ಲಿ ಉರಿಯೂತ ತಗ್ಗಿಸುವ ಅಂಶಗಳನ್ನು ಕಂಡರು.

6. ಮರಕ್ಕೆ ಗುರುತು ಹಾಕಿ, ಒಣಮಾದರಿಯನ್ನು ಸಸ್ಯಸಂಗ್ರಹಾಲಯಕ್ಕೆ ಕೊಡಿ. ನಮಗೆ ಜಾರಕಬಂಡೆ ಕಾವಲಿನ ಕಡೆ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಸಂಗ್ರಹಾಲಯ ಹತ್ತಿರವೇ ಇದೆ. ಮಾದರಿ ಬಂದ ಮರವನ್ನೇ ಮತ್ತೆ ಹುಡುಕಬೇಕಾಗಬಹುದು. 1987ರಲ್ಲಿ ಮಲೇಷ್ಯಾದ ಸರವಾಕ್‌ನಿಂದ ತಂದ, ನಮ್ಮ ಕಡಲಂಚಿನ ಸುರಹೊನ್ನೆಯ ದಾಯಾದಿ ಮರವೊಂದರ ಮಾದರಿಯಲ್ಲಿ ಎಚ್‌ಐವಿ ವಿರುದ್ಧದ ಕ್ಯಾಲನೊಲೈಡ್ ಸಿಕ್ಕಿತು. ಮತ್ತಷ್ಟು ತರಲು ಹೋದರೆ ಮರವೇ ಇರಲಿಲ್ಲ. ಕೊನೆಗೆ ಅದರ ಜಾತಿಯ ಮರ ಸಿಕ್ಕಿದ್ದು ಸಿಂಗಾಪುರದ ಸಸ್ಯೋದ್ಯಾನದಲ್ಲಿ, ನಮ್ಮದಲ್ಲ, ಆ ಇನ್ನೊಂದು ಸಿಂಗಾಪುರದಲ್ಲಿ. ಕ್ಯಾಲನೊಲೈಡ್ ಮನುಷ್ಯರ ಮೇಲಿನ ಪರೀಕ್ಷೆಯವರೆಗೂ ಹೋಯಿತು, ಮಾತ್ರೆಯಾಗಿ ಅಂಗಡಿಗೆ ಬರಲಿಲ್ಲ.

7. ಕಾಗದಪತ್ರ ಮೊದಲು, ಕತ್ತರಿ ಆಮೇಲೆ. ಕಾಂಡ್ಲಕಾಡಿಗೆ ಕರಾವಳಿ ನಿಯಂತ್ರಣ ವಲಯದ ರಕ್ಷಣೆಯಿದೆ, ಅಘನಾಶಿನಿ ಅಳಿವೆ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿದೆ. ಸಾರವನ್ನು ವ್ಯಾಪಾರಕ್ಕೆ ಒಯ್ಯುವ ಉದ್ದೇಶವಿದ್ದರೆ 2002ರ ಜೀವವೈವಿಧ್ಯ ಕಾಯ್ದೆಯಂತೆ ರಾಜ್ಯ ಮಂಡಳಿಗೆ ಮುಂಚೆಯೇ ತಿಳಿಸಬೇಕು. ತೊಗಟೆ ಸುಲಿಯಬೇಡಿ. ಎಲೆಯಲ್ಲಿ ಕೆಲಸ ನಡೆಯುತ್ತದೆಯೇ ಎಂದು ಮೊದಲು ನೋಡಿ.