ಇಬ್ಬರ ಪ್ರಯಾಣ, ಎರಡು ಚೀಲ

ಪಾಸ್‌ಪೋರ್ಟನ್ನು ಗಂಡನ ಕೈಗೆ ಕೊಡಬೇಡ, ಪುಟ್ಟಿ. ನಿನ್ನದು ನಿನ್ನ ಹತ್ತಿರ ಇರಲಿ, ಅವರದು ಅವರ ಹತ್ತಿರ. ಅಳಿಯಂದಿರೇ, ನೀವು ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಮೇಲೆ ನಂಬಿಕೆಯಿಲ್ಲದೆ ಹೇಳುವ ಮಾತಲ್ಲ ಇದು. ಬೆನ್ನಿಗೊಂದು ಚೀಲ ಏರಿಸಿಕೊಂಡು ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾ ಅಂತ ಹೊರಟು ನಿಂತಿದ್ದೀರಿ. ಕೆಲಸದಿಂದ ನಿವೃತ್ತಿಯಾದ ಮೇಲೆ ನಾನೂ ನಿನ್ನ ದೊಡ್ಡಪ್ಪನೂ ಓಡಾಡಿದ ದಾರಿಯೇ ಅದು. ಅಲ್ಲಿನ ಗಡಿ ಕೌಂಟರುಗಳಲ್ಲಿ ನಮ್ಮ ದೇಶದ ಜೋಡಿಗಳನ್ನು ದೂರದಿಂದಲೇ ಗುರುತು ಹಿಡಿಯಬಹುದು. ಎರಡೂ ಪಾಸ್‌ಪೋರ್ಟು, ಎರಡೂ ವೀಸಾ ಕಾಗದ, ಡಾಲರಿನ ಕಟ್ಟು ಎಲ್ಲ ಗಂಡನ ಕೈಯಲ್ಲಿ. ಹೆಂಡತಿ ಒಂದು ಹೆಜ್ಜೆ ಹಿಂದೆ, ನೀರಿನ ಬಾಟಲಿ ಹಿಡಿದುಕೊಂಡು. ‘ಎಲ್ಲಿ ಉಳಿದುಕೊಳ್ಳುತ್ತೀರಿ?’ ಎಂದು ಅಧಿಕಾರಿ ಆಕೆಯನ್ನೇ ಕೇಳಿದರೂ ಆಕೆ ಗಂಡನ ಮುಖ ನೋಡುತ್ತಾಳೆ. ಹೊರಟವರು ಇಬ್ಬರು, ಪ್ರಯಾಣ ಮಾಡುತ್ತಿರುವವರು ಒಬ್ಬರೇ. ಇನ್ನೊಬ್ಬರು ಲಗೇಜು.

ಉಲ್ಟಾ ಜೋಡಿಗಳೂ ಉಂಟು. ಹೆಂಡತಿ ಆರು ತಿಂಗಳು ಕೂತು ಬಸ್ಸು, ರೂಮು, ದೇವಸ್ಥಾನ ಎಲ್ಲ ಹೊಂದಿಸಿರುತ್ತಾಳೆ. ಗಂಡ ಬೆಳಿಗ್ಗೆ ಎದ್ದು ‘ಇವತ್ತು ಎಲ್ಲಿಗೆ?’ ಅಂತ ಕೇಳುತ್ತಾನೆ, ಸಂಜೆ ಕಾಲು ನೋವೆಂದು ಗೊಣಗುತ್ತಾನೆ. ನನ್ನನ್ನು ಕೇಳಿದರೆ ಮೊದಲನೆಯವನಿಗಿಂತ ಇವನೇ ಹೆಚ್ಚು ಕಷ್ಟದವನು.

ನಾನು ಹೇಳಬೇಕೆಂದಿರುವುದು ಒಂದೇ. ನಿಮ್ಮಿಬ್ಬರಲ್ಲಿ ಯಾರೊಬ್ಬರನ್ನು ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟರೂ ತಾವಾಗಿ ಮುಂದಿನ ಊರು ಸೇರಿಕೊಳ್ಳುವ ಹಾಗಿರಬೇಕು. ಜೋಡಿಯಾಗಿ ಹೋಗುವುದಕ್ಕೆ ರುಚಿ ಬರುವುದು ಆಗಲೇ. ಉಳಿದದ್ದೆಲ್ಲ ಇದಕ್ಕೆ ಬೇಕಾದ ಸಿದ್ಧತೆ, ಕೇಳು.

ಲಾವೋಸಿಗೆ ನೀವು ವಿಮಾನದಲ್ಲಿ ಹೋಗದೆ ನದಿಯ ಮೇಲೆ ಹೋಗುತ್ತೀರಂತೆ, ಬಹಳ ಸಂತೋಷ. ಥಾಯ್ಲೆಂಡಿನ ಚಿಯಾಂಗ್ ಖೋಂಗ್ ಹತ್ತಿರ ಮೆಕಾಂಗ್ ನದಿಗೆ 2013ರಲ್ಲಿ ಸೇತುವೆಯಾಗಿದೆ. ಅದನ್ನು ದಾಟಿದರೆ ಹುವಾಯ್ ಸಾಯ್. ಅಲ್ಲಿಂದ ಲುವಾಂಗ್ ಪ್ರಬಾಂಗಿಗೆ ನಿಧಾನದ ದೋಣಿಯಲ್ಲಿ ಎರಡು ದಿನ. ಉದ್ದನೆಯ ಮರದ ದೋಣಿ, ಹಳೇ ವ್ಯಾನುಗಳಿಂದ ಕಿತ್ತು ತಂದ ಸೀಟುಗಳು, ಹಿಂದೆ ಎಂಜಿನ್ನಿನ ಗದ್ದಲ. ಮುಂದುಗಡೆ ಜಾಗ ಹಿಡಿಯಿರಿ, ಇಲ್ಲದಿದ್ದರೆ ಎರಡು ದಿನ ಮಾತಾಡಲಿಕ್ಕಾಗುವುದಿಲ್ಲ. (ಹೊಸ ಜೋಡಿಗೆ ಅದೂ ಒಳ್ಳೆಯದೇ ಇರಬಹುದು.) ನಡುವೆ ಒಂದು ರಾತ್ರಿ ಪಾಕ್‌ಬೆಂಗಿನಲ್ಲಿ ಇಳಿಸುತ್ತಾರೆ. ಸಣ್ಣ ಊರು. ನದಿಯ ದಡದಿಂದ ಕಡಿದಾದ ಏರು, ಮೇಲೆ ಹೋದರೆ ಒಂದು ಬೀದಿ, ಬೀದಿಯ ತುಂಬ ಗೆಸ್ಟ್‌ಹೌಸು.

ಆ ಏರು ಹತ್ತುವಷ್ಟರಲ್ಲಿ ನಿನ್ನ ದೊಡ್ಡಪ್ಪನಿಗೆ ಹೊಟ್ಟೆ ಕೆಟ್ಟಿತು. ರಾತ್ರಿಯೆಲ್ಲ ವಾಂತಿ. ಬೆಳಿಗ್ಗೆ ದೋಣಿ ಹೊರಡುವ ಹೊತ್ತಿಗೆ ಮಾತಾಡುವ ಶಕ್ತಿಯೂ ಇರಲಿಲ್ಲ. ಆ ಹೊತ್ತಿನಲ್ಲಿ ನನಗೆ ಬೇಕಾಗಿದ್ದದ್ದು ಧೈರ್ಯವಲ್ಲ, ವಿವರ. ಓಆರ್‌ಎಸ್ ಪೊಟ್ಟಣ ಯಾವ ಜೇಬಿನಲ್ಲಿದೆ, ವಿಮೆಯ ಪಾಲಿಸಿ ನಂಬರೇನು, ಅವರಿಗೆ ಯಾವ ಮಾತ್ರೆ ಆಗಿಬರುವುದಿಲ್ಲ, ಮುಂದಿನ ಊರಿನ ರೂಮು ಯಾರ ಹೆಸರಿನಲ್ಲಿದೆ, ಲಾವೋಸಿನ ಕೀಪ್ ನೋಟು ಎಷ್ಟಿದೆ. ಇವೆಲ್ಲ ಒಂದು ಸಣ್ಣ ಪುಸ್ತಕದಲ್ಲಿ ನನ್ನ ಕೈಬರಹದಲ್ಲಿದ್ದವು. ಇಂಥದೇ ಇನ್ನೊಂದು ಅವರ ಜೇಬಿನಲ್ಲೂ ಇತ್ತು. ಒಂದು ದಿನ ಅಲ್ಲೇ ನಿಂತೆವು, ಮರುದಿನದ ದೋಣಿ ಹತ್ತಿದೆವು. ನೀವೂ ಎರಡು ಪುಸ್ತಕ ಮಾಡಿಕೊಳ್ಳಿ. ಮೊಬೈಲಿನಲ್ಲಿ ಇದೆ ಅನ್ನಬೇಡ. ಮೊಬೈಲು ನೀರಿಗೆ ಬೀಳುತ್ತದೆ, ಚಾರ್ಜು ಮುಗಿಯುತ್ತದೆ, ಕಳ್ಳರಿಗೂ ಇಷ್ಟವಾಗುತ್ತದೆ.

ವೀಸಾ ಅರ್ಜಿಯನ್ನು ಅವರವರೇ ತುಂಬಬೇಕು. ಗಂಡ ಒಂದೇ ಸಲ ಎರಡೂ ತುಂಬಿಬಿಟ್ಟರೆ ಕೆಲಸ ಮುಗಿಯಿತು ಎನಿಸುತ್ತದೆ, ಆದರೆ ತೊಂದರೆ ಶುರುವಾಗುವುದು ಅಲ್ಲೇ. ನಮ್ಮ ಕಡೆಯವರಿಗೆ ಇನಿಷಿಯಲ್ಲು ಇರುತ್ತದೆ, ಸರ್‌ನೇಮು ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಬ್ಬರಿಗೆ ಅಪ್ಪನ ಹೆಸರು ಸರ್‌ನೇಮಾಗಿ ಕೂತಿರುತ್ತದೆ, ಇನ್ನೊಬ್ಬರಿಗೆ ಊರಿನ ಹೆಸರು, ಮತ್ತೊಬ್ಬರಿಗೆ ಆ ಜಾಗವೇ ಖಾಲಿ. ನಿನ್ನದರಲ್ಲಿ ಮದುವೆಗೆ ಮುಂಚಿನ ಹೆಸರಿದೆ ತಾನೇ? ಹಾಗಾದರೆ ಟಿಕೆಟಿನಲ್ಲೂ ವೀಸಾದಲ್ಲೂ ಅದೇ ಇರಬೇಕು, ಪ್ರೀತಿಗಾಗಿ ಗಂಡನ ಹೆಸರು ಸೇರಿಸಲು ಹೋಗಬೇಡ. ಪಾಸ್‌ಪೋರ್ಟಿನ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲಿವೆಯಲ್ಲ, ಅದನ್ನು ನೋಡಿಕೊಂಡು ಬರೆ. ವಿಯೆಟ್ನಾಮಿನ ಇ-ವೀಸಾದಲ್ಲಿ ಯಾವ ವಿಮಾನ ನಿಲ್ದಾಣ ಅಥವಾ ಯಾವ ಗಡಿಯಿಂದ ಒಳಗೆ ಬರುತ್ತೀರಿ ಎಂದೂ ತುಂಬಬೇಕು. ಹನೋಯ್ ಎಂದು ಬರೆದು ಲಾವೋಸ್ ಗಡಿಯಲ್ಲಿ ಬಸ್ಸಿನಿಂದ ಇಳಿದು ನಿಂತರೆ ಅಲ್ಲಿ ಯಾರೂ ಕನಿಕರಪಡುವುದಿಲ್ಲ. ನಿಯಮಗಳು ವರ್ಷವರ್ಷಕ್ಕೂ ಬದಲಾಗುತ್ತವೆ. ಹೋದ ವರ್ಷ ಹೋಗಿಬಂದ ಸ್ನೇಹಿತರ ಮಾತಿಗಿಂತ ಆಯಾ ಸರ್ಕಾರದ ವೆಬ್‌ಸೈಟೇ ಮೇಲು.

ದುಡ್ಡನ್ನು ಎರಡು ಭಾಗ ಮಾಡಿ, ಕಾರ್ಡುಗಳನ್ನೂ ಹಂಚಿಕೊಳ್ಳಿ. ವಿಯೆಟ್ನಾಮಿನ ನೋಟುಗಳನ್ನು ಹೋದ ದಿನವೇ ಹಾಸಿಗೆಯ ಮೇಲೆ ಹರಡಿಕೊಂಡು ಇಬ್ಬರೂ ಅಭ್ಯಾಸ ಮಾಡಿ. ಅಲ್ಲಿ 20,000 ಡಾಂಗ್ ನೋಟೂ ನೀಲಿ, 500,000 ಡಾಂಗ್ ನೋಟೂ ನೀಲಿ. ಎರಡರಲ್ಲೂ ಹೋ ಚಿ ಮಿನ್ ಮುಖವೇ. ಒಂದರಲ್ಲಿ ಒಂದು ಲೋಟ ಕಾಫಿ ಬರುತ್ತದೆ, ಇನ್ನೊಂದರಲ್ಲಿ ಒಂದು ರಾತ್ರಿಯ ರೂಮು. ಟ್ಯಾಕ್ಸಿಯ ಮಬ್ಬು ಬೆಳಕಿನಲ್ಲಿ ಎಣಿಸಿ ಕೊಡುವವರು ಒಬ್ಬರಾದರೆ, ಪಕ್ಕದಲ್ಲಿ ಕೂತು ಸೊನ್ನೆ ನೋಡುವ ಕಣ್ಣು ಇನ್ನೆರಡು ಇರಲಿ. ಕಾಂಬೋಡಿಯಾದಲ್ಲಿ ಅಮೆರಿಕದ ಡಾಲರೂ ನಡೆಯುತ್ತದೆ, ರಿಯೆಲ್ಲೂ ನಡೆಯುತ್ತದೆ. ಡಾಲರಿಗೆ ಹೆಚ್ಚುಕಡಿಮೆ 4,000 ರಿಯೆಲ್. ಅಂಚು ಒಂದು ಚೂರು ಹರಿದಿದ್ದರೂ ಆ ಡಾಲರನ್ನು ಅಂಗಡಿಯವರು ವಾಪಸ್ ತಳ್ಳುತ್ತಾರೆ. ಹಾಗಾಗಿ ನಿಮಗೆ ಯಾರಾದರೂ ಹರಿದದ್ದು ಕೊಟ್ಟರೆ ನೀವೂ ತಳ್ಳಿ, ಸಂಕೋಚ ಬೇಡ.

ಅಳಿಯಂದಿರೇ, ಈ ಮಾತು ನಿಮಗೇ. ವಿಯೆಟ್ನಾಮಿನಲ್ಲಿ ಬೈಕು ಬಾಡಿಗೆಗೆ ತೆಗೆದುಕೊಂಡು ಹಾಯ್ ವಾನ್ ಘಾಟಿ ಏರಬೇಕು ಅಂತ ನಿಮಗೆ ಆಸೆಯಿದೆಯೆಂದು ಪುಟ್ಟಿ ಹೇಳಿದಳು. ಘಾಟಿ ಚೆನ್ನಾಗಿದೆ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮೋಡ. ಆದರೆ ನಮ್ಮ ಆರ್‌ಟಿಒದವರು ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ 1949ರ ಒಪ್ಪಂದದ್ದು. ವಿಯೆಟ್ನಾಂ ಒಪ್ಪುವುದು 1968ರ ಒಪ್ಪಂದದ್ದನ್ನು. ಬಾಡಿಗೆ ಅಂಗಡಿಯವರು ಏನೂ ಕೇಳದೆ ಬೀಗದ ಕೈ ಕೊಡುತ್ತಾರೆ. ಆಮೇಲೆ ಬಿದ್ದು ಕಾಲು ಮುರಿದುಕೊಂಡರೆ, ಪರವಾನಗಿ ಇಲ್ಲದೆ ಓಡಿಸಿದಿರಿ ಎಂದು ವಿಮೆಯವರು ಕೈ ತೊಳೆದುಕೊಳ್ಳುತ್ತಾರೆ. ಅಲ್ಲಿನವರೇ ಓಡಿಸುವ ಬೈಕಿನ ಹಿಂದೆ ಕೂತು ಹೋಗುವ ವ್ಯವಸ್ಥೆ ಇದೆ. ಇಲ್ಲವೇ ಹುಯೆಯಿಂದ ದಾ ನಾಂಗಿಗೆ ರೈಲಿನಲ್ಲಿ ಹೋಗಿ, ಅದು ಅದೇ ಬೆಟ್ಟದ ಕಾಲಬುಡದಲ್ಲಿ ಸಮುದ್ರಕ್ಕೆ ಅಂಟಿಕೊಂಡೇ ಸಾಗುತ್ತದೆ. ಹನೋಯಿನಿಂದ ಹೋ ಚಿ ಮಿನ್ ನಗರದವರೆಗಿನ 1,726 ಕಿಲೋಮೀಟರಿನಲ್ಲಿ ಅಷ್ಟು ದೂರ ನಿದ್ದೆ ಮಾಡಬಾರದು.

ಊಟದ ವಿಷಯದಲ್ಲಿ ಪುಟ್ಟಿಗೆ ಭಯವಿದೆ. ಇರಬೇಕಾದದ್ದೇ. ತರಕಾರಿ ಅಂತ ಕೊಟ್ಟದ್ದರಲ್ಲೂ ಮೀನಿನ ರಸ ಬಿದ್ದಿರುತ್ತದೆ. ಥಾಯ್ಲೆಂಡಿನಲ್ಲಿ ಅದು ನಾಮ್ ಪ್ಲಾ, ವಿಯೆಟ್ನಾಮಿನಲ್ಲಿ ನುವಾಕ್ ಮಾಮ್, ಕಾಂಬೋಡಿಯಾದಲ್ಲಿ ಇನ್ನೂ ಗಾಢವಾದ ಪ್ರಹೋಕ್. ‘ವೆಜಿಟೇರಿಯನ್’ ಎಂದು ಇಂಗ್ಲಿಷಿನಲ್ಲಿ ಗೋಗರೆಯುವ ಬದಲು ಅವರದೇ ಸಸ್ಯಾಹಾರವನ್ನು ಹುಡುಕು. ವಿಯೆಟ್ನಾಮಿನ ಬೌದ್ಧರು ಚಾಂದ್ರಮಾನ ತಿಂಗಳ ಮೊದಲ ದಿನವೂ ಹದಿನೈದನೆಯ ದಿನವೂ ಮಾಂಸ ಬಿಡುತ್ತಾರೆ. ‘ಚಾಯ್’ ಎಂದು ಬೋರ್ಡು ಹಾಕಿದ ಖಾನಾವಳಿಗಳು ಆ ದಿನ ತುಂಬಿ ತುಳುಕುತ್ತವೆ. ಥಾಯ್ಲೆಂಡಿನಲ್ಲಿ ಹಳದಿ ಬೋರ್ಡಿನ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಎಂದಿದ್ದರೆ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ನಮ್ಮಮ್ಮ ಇದ್ದಿದ್ದರೆ ಬ್ಯಾಂಕಾಕಿನಲ್ಲೇ ಮನೆ ಮಾಡು ಅನ್ನುತ್ತಿದ್ದಳು. ಅಳಿಯಂದಿರು ಮೀನು ತಿನ್ನುವವರು, ಸರಿ, ಅವರ ಊಟ ಅವರು ಮಾಡಲಿ. ದಿನಾ ಒಂದೇ ಮೇಜಿನಲ್ಲಿ ತಿನ್ನಲೇಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ.

ಚೀಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗ್ಗದ ವಿಮಾನಗಳಲ್ಲಿ ಕೈಚೀಲಕ್ಕೆ 7 ಕಿಲೋ ಮಿತಿ, ಅಷ್ಟರಲ್ಲಿ ಮುಗಿಸಿ. ನಿನ್ನ ಚೀಲ ನೀನೇ ಹೊರುವಷ್ಟು ಹಗುರ ಮಾಡಿಕೋ. ‘ಕೊಡು, ನಾನು ಹೊರುತ್ತೇನೆ’ ಎಂದು ಅವರು ಮೊದಲ ದಿನ ಪ್ರೀತಿಯಿಂದ ಅನ್ನುತ್ತಾರೆ, ಹತ್ತನೆಯ ದಿನ ಆ ಪ್ರೀತಿಯ ಲೆಕ್ಕ ಹೊರಗೆ ಬರುತ್ತದೆ.

ಜಗಳ ಆಗೇ ಆಗುತ್ತದೆ. ನಾವು ಮಾಡಿಕೊಂಡ ಏರ್ಪಾಡು ಹೇಳುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ. ದಿನ ಬಿಟ್ಟು ದಿನ ಒಬ್ಬೊಬ್ಬರು ಯಜಮಾನಿಕೆ ವಹಿಸುವುದು. ಆ ದಿನ ಎಲ್ಲಿಗೆ, ಹೇಗೆ, ಎಷ್ಟು ಖರ್ಚು, ಎಲ್ಲ ಅವರದೇ ತೀರ್ಮಾನ. ಇನ್ನೊಬ್ಬರು ಹಿಂದೆ ಬರಬೇಕು. ದಾರಿ ತಪ್ಪಿದರೂ ‘ನಾನು ಆಗಲೇ ಹೇಳಿರಲಿಲ್ವಾ’ ಅನ್ನುವ ಮಾತು ಬಾಯಿಂದ ಬರಕೂಡದು. ನಿನ್ನ ದೊಡ್ಡಪ್ಪ ಮೂವತ್ತು ವರ್ಷ ಮನೆಯಲ್ಲಿ ಎಂದೂ ತರಕಾರಿ ಆರಿಸಿದವರಲ್ಲ. ತಮ್ಮ ಸರದಿಯ ದಿನ ಲುವಾಂಗ್ ಪ್ರಬಾಂಗಿನ ಸಂತೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಬೆರಳು ಮಡಚಿ, ಅಂಟಕ್ಕಿಯ ಅನ್ನಕ್ಕೆ ಚೌಕಾಸಿ ಮಾಡಿದರು. ಆ ಮನುಷ್ಯನನ್ನು ನಾನು ಅದುವರೆಗೆ ನೋಡಿರಲಿಲ್ಲ.

ಇನ್ನು ಕಾಂಬೋಡಿಯಾದ ಅಂಕೋರ್. ಅಲ್ಲಿನ ಟಿಕೆಟಿನಲ್ಲಿ ನಿಮ್ಮ ಫೋಟೊ ಅಚ್ಚಾಗಿರುತ್ತದೆ. ಒಬ್ಬರದು ಇನ್ನೊಬ್ಬರಿಗೆ ನಡೆಯುವುದಿಲ್ಲ, ಗುಡಿಗುಡಿಯ ಬಾಗಿಲಲ್ಲೂ ತೋರಿಸಬೇಕು. ಅಲ್ಲಿ ಅರ್ಧ ದಿನ ಬೇರೆಬೇರೆಯಾಗಿ ಓಡಾಡಿ ಅನ್ನುತ್ತೇನೆ. 12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮನ್ ವಿಷ್ಣುವಿಗಾಗಿ ಕಟ್ಟಿಸಿದ ಅಂಕೋರ್ ವಾಟ್‌ನ ಪೂರ್ವದ ಮೊಗಸಾಲೆಯಲ್ಲಿ ಸಮುದ್ರಮಥನದ ಕೆತ್ತನೆ ಇದೆ, ಹತ್ತಿರಹತ್ತಿರ 50 ಮೀಟರ್ ಉದ್ದ. ಎಡಗಡೆ ಅಸುರರು, ಬಲಗಡೆ ದೇವತೆಗಳು, ನಡುವೆ ಕೂರ್ಮದ ಮೇಲೆ ಮಂದರ, ಮೇಲೆ ಹಾರುವ ಅಪ್ಸರೆಯರು, ಕೆಳಗೆ ಕಡಗೋಲಿನ ಹತ್ತಿರ ತುಂಡುತುಂಡಾದ ಮೀನು, ಮೊಸಳೆ. ಪುಟ್ಟಿ ಅಲ್ಲಿ ಒಂದು ಗಂಟೆ ಅಲುಗಾಡುವುದಿಲ್ಲವೆಂದು ನನಗೆ ಗೊತ್ತು. ಅಷ್ಟು ಹೊತ್ತು ಪಕ್ಕದಲ್ಲಿ ಯಾರೋ ಗಡಿಯಾರ ನೋಡುತ್ತ ನಿಂತಿದ್ದರೆ ಅಸುರರ ಮುಖ ಕಾಣಿಸುವುದಿಲ್ಲ. ಅಳಿಯಂದಿರು ಹೊರಗೆ ಹೋಗಿ ಎಳನೀರು ಕುಡಿಯಲಿ, ಕೊಳದ ದಂಡೆಯಲ್ಲಿ ಮಲಗಲಿ. ಮಧ್ಯಾಹ್ನ ಊಟಕ್ಕೆ ಸೇರಿದಾಗ ಇಬ್ಬರಿಗೂ ಹೇಳಲು ಏನಾದರೂ ಇರುತ್ತದೆ. ಇಪ್ಪತ್ತನಾಲ್ಕು ಗಂಟೆಯೂ ಒಂದನ್ನೇ ಕಂಡವರು ರಾತ್ರಿ ಏನು ಮಾತಾಡಿಯಾರು?

ಅದೇ ದೇಶದ ನಾಮ್ ಪೆನ್‌ನಲ್ಲಿ ಟೂಲ್ ಸ್ಲೆಂಗ್ ಎಂಬ ಹಳೇ ಶಾಲೆ ಇದೆ. 1975ರಿಂದ 1979ರವರೆಗಿನ ಖ್ಮೇರ್ ರೂಜ್ ಆಡಳಿತದ ಕಾಲದಲ್ಲಿ ಅದನ್ನು ಸೆರೆಮನೆ ಮಾಡಿ, ಜನರನ್ನು ಹಿಂಸಿಸಿ, ಸಾಯಲು ಕಳಿಸುತ್ತಿದ್ದರು. ತರಗತಿಯ ಕೋಣೆಗಳಲ್ಲಿ ಇಟ್ಟಿಗೆಯ ಗೂಡುಗಳು, ಗೋಡೆಯ ತುಂಬ ಕೈದಿಗಳ ಫೋಟೊ. ಒಬ್ಬರಿಗೆ ನೋಡಲೇಬೇಕು ಅನ್ನಿಸಬಹುದು, ಇನ್ನೊಬ್ಬರಿಗೆ ಎರಡನೆಯ ಕೋಣೆಗೆ ಹೆಜ್ಜೆ ಇಡಲು ಆಗದಿರಬಹುದು. ಆಗದವರನ್ನು ಎಳೆಯಬೇಡಿ. ಅಂಗಳದ ಮರದ ಕೆಳಗೆ ಬೆಂಚುಗಳಿವೆ.

ದುಡ್ಡು ಸಾಲದು ಎಂಬ ಚಿಂತೆ ಬಿಡಿ. ಟೋನಿ ಮತ್ತು ಮೌರೀನ್ ವೀಲರ್ ಎಂಬ ದಂಪತಿ ಮದುವೆಯ ಮರುವರ್ಷ, 1972ರಲ್ಲಿ, ಲಂಡನ್ನಿನಲ್ಲಿ 65 ಪೌಂಡಿಗೆ ಹಳೇ ವ್ಯಾನು ಕೊಂಡು ಹೊರಟರು, ಕಾಬೂಲಿನಲ್ಲಿ ಅದನ್ನು ಮಾರಿದರು, ಸಿಕ್ಕಸಿಕ್ಕದ್ದರಲ್ಲಿ ಸಿಡ್ನಿ ಸೇರಿದಾಗ ಇಬ್ಬರ ಹತ್ತಿರ ಉಳಿದದ್ದು 27 ಸೆಂಟು. ಮರುವರ್ಷ ಅಡುಗೆಮನೆಯ ಮೇಜಿನ ಮೇಲೆ ಪುಟ ಜೋಡಿಸಿ ಪಿನ್ನು ಹೊಡೆದು ತಂದ ಪುಸ್ತಕದಿಂದಲೇ ಲೋನ್ಲಿ ಪ್ಲಾನೆಟ್ ಎಂಬ ಪ್ರವಾಸಿ ಪುಸ್ತಕಗಳ ಸಂಸ್ಥೆ ಹುಟ್ಟಿದ್ದು. ಅಷ್ಟು ದೂರವೇಕೆ, ಕೊಚ್ಚಿಯ ಚಹಾ ಅಂಗಡಿಯ ವಿಜಯನ್, ಮೋಹನಾ ದಂಪತಿ ದಿನದ ಗಳಿಕೆಯಲ್ಲಿ ಉಳಿಸಿ, ಸಾಲದದ್ದಕ್ಕೆ ಸಾಲ ಮಾಡಿ, ಬಂದು ತೀರಿಸಿ, ಮತ್ತೆ ಹೊರಟು 25ಕ್ಕೂ ಹೆಚ್ಚು ದೇಶ ನೋಡಿದರು. ಅವರು ಹೋದದ್ದು ಟೂರಿನವರ ಜೊತೆ, ಚೀಲ ಹೊತ್ತಲ್ಲ. ಆದರೂ ರಷ್ಯ ನೋಡಿ ಬಂದ ಸ್ವಲ್ಪ ದಿನಕ್ಕೇ, 2021ರಲ್ಲಿ, ವಿಜಯನ್ ತೀರಿಕೊಂಡರು ಎಂದು ಓದಿದಾಗ, ನಿವೃತ್ತಿಯವರೆಗೆ ಕಾಯದೆ ಈಗಲೇ ಹೊರಟಿರುವ ನಿಮ್ಮ ಬಗ್ಗೆ ನನಗೆ ಮೆಚ್ಚಿಗೆ ಹೆಚ್ಚಾಯಿತು.

ಒಂದು ಮರೆತಿದ್ದೆ. ಮನೆಗೆ ದಿನಾ ಫೋನು ಮಾಡುತ್ತೇವೆ ಅಂತ ಮಾತು ಕೊಡಬೇಡಿ. ದೋಣಿಯಲ್ಲಿ ಸಿಗ್ನಲ್ಲು ಸಿಗುವುದಿಲ್ಲ, ಇಲ್ಲಿ ನಿನ್ನಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿ ಕೂರುತ್ತಾಳೆ. ಮೂರು ದಿನಕ್ಕೊಮ್ಮೆ ಅನ್ನಿ. ಮತ್ತೆ, ಫೋನನ್ನು ಅದಲುಬದಲು ಮಾಡಿ. ಅವರ ಅಮ್ಮನಿಗೆ ನೀನು ಮಾಡು, ನಿನ್ನಮ್ಮನಿಗೆ ಅವರು ಮಾಡಲಿ. ನಿನ್ನ ಹತ್ತಿರವಾದರೆ ಅವಳು ‘ಊಟ ಮಾಡಿದ್ಯಾ, ಸಣ್ಣಗಾಗಿದ್ದೀಯಾ’ ಅಂತ ಅರ್ಧ ಗಂಟೆ ಅಳುತ್ತಾಳೆ. ಅಳಿಯನ ಮುಂದೆ ಹಾಗೆಲ್ಲ ಅಳುವ ಹೆಂಗಸಲ್ಲ ಅವಳು, ಐದು ನಿಮಿಷಕ್ಕೆ ಇಡುತ್ತಾಳೆ.