ಎಂಜಿನ್ ಬಿಚ್ಚುವ ಮೊದಲು ಜಾಬ್ ಕಾರ್ಡ್ ಕೇಳಿ

ಟೈರು ಬದಲಾದರೆ ಕಣ್ಣಿಗೆ ಕಾಣುತ್ತದೆ. ಕ್ಯಾಮ್‌ಶಾಫ್ಟ್ ಹಾಗಲ್ಲ. ಈಗಿನ ಹೆಚ್ಚಿನ ಕಾರು, ಬೈಕುಗಳಲ್ಲಿ ಅದು ಎಂಜಿನ್ನಿನ ಹೆಡ್ ಒಳಗೆ ಕೂತು ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುತ್ತದೆ. ‘ಕ್ಯಾಮ್ ಹೋಗಿತ್ತು ಸಾರ್, ಹೊಸದು ಹಾಕಿದೀವಿ’ ಎಂದು ಗ್ಯಾರೇಜಿನವರು ಹೇಳಿದರೆ, ಹೋಗಿದ್ದನ್ನೂ ಹಾಕಿದ್ದನ್ನೂ ನಾವು ನೋಡಿರುವುದಿಲ್ಲ. ಬಿಲ್ಲಿನ ಮೊತ್ತವೊಂದೇ ಕಣ್ಣಿಗೆ ಬೀಳುವುದು. ಗ್ರಾಹಕರ ಸಂರಕ್ಷಣಾ ಕಾಯ್ದೆ, 2019 ಇಂಥ ಕಡೆ ನಮ್ಮ ಬೆನ್ನಿಗಿದೆ. ಆದರೆ ಕಾಗದವೂ ಹಳೆಯ ಭಾಗವೂ ಕೈಯಲ್ಲಿಲ್ಲದಿದ್ದರೆ ಆ ಬಲ ಅರ್ಧಕ್ಕರ್ಧ ಇಳಿದುಹೋಗುತ್ತದೆ.

ಗಾಡಿ ಬಿಡುವಾಗಲೇ ಜಾಬ್ ಕಾರ್ಡ್ ಮತ್ತು ಎಸ್ಟಿಮೇಟ್ ಬರೆಸಿಕೊಳ್ಳಿ. ಕಿಲೋಮೀಟರ್ ರೀಡಿಂಗ್, ನೀವು ಹೇಳಿದ ದೂರು, ಹಾಕಲಿರುವ ಭಾಗದ ನಂಬರ್, ಲೇಬರ್ ಚಾರ್ಜ್ ಎಲ್ಲವೂ ಅದರಲ್ಲಿರಲಿ. ಬಿಚ್ಚಿದ ಮೇಲೆ ಖರ್ಚು ಹೆಚ್ಚಾಗುವುದು ಸಹಜ. ‘ನನ್ನನ್ನು ಕೇಳದೆ ಮುಂದುವರಿಯಬೇಡಿ’ ಎಂದು ವಾಟ್ಸಾಪಿನಲ್ಲಿ ಒಂದು ಸಾಲು ಕಳಿಸಿ. ಅದೂ ಪುರಾವೆಯೇ.

ಹಳೆಯ ಶಾಫ್ಟನ್ನು ಕೇಳಿ ಪಡೆಯಿರಿ. ದುಡ್ಡು ಕೊಟ್ಟು ಬದಲಿಸಿದ್ದರೆ ಅದು ನಿಮ್ಮದೇ ಸ್ವತ್ತು. ವಾರಂಟಿಯಲ್ಲಿ ಬದಲಿಸಿದ್ದರೆ ಸಾಮಾನ್ಯವಾಗಿ ಕಂಪನಿ ಇಟ್ಟುಕೊಳ್ಳುತ್ತದೆ, ಆಗ ಫೋಟೋ ತೆಗೆದುಕೊಳ್ಳಿ. ನಿಜವಾಗಿ ಸವೆದ ಕ್ಯಾಮ್ ತಾನೇ ಸಾಕ್ಷಿ ಹೇಳುತ್ತದೆ: ಉಬ್ಬಿನ ತುದಿ ಚಪ್ಪಟೆಯಾಗಿರುತ್ತದೆ, ಗುಳಿ ಬಿದ್ದಿರುತ್ತದೆ, ಉಗುರು ಎಳೆದರೆ ಗೀರಿಗೆ ಸಿಕ್ಕಿಕೊಳ್ಳುತ್ತದೆ. ನುಣುಪಾದ ಶಾಫ್ಟ್ ಕೈಗೆ ಬಂದರೆ ಮೈಕ್ರೋಮೀಟರ್‌ನಲ್ಲಿ ಅಳತೆ ಹಿಡಿದು ತೋರಿಸಲು ಹೇಳಿ. ಜೊತೆಗೆ ರಾಕರ್ ಆರ್ಮ್ ಅಥವಾ ಟ್ಯಾಪೆಟ್‌ಗಳನ್ನು ಪರೀಕ್ಷಿಸಿದರೇ ಎಂದೂ ಕೇಳಿ. ಸವೆದ ಟ್ಯಾಪೆಟ್ ಮೇಲೆ ಹೊಸ ಕ್ಯಾಮ್ ಕೂರಿಸಿದರೆ ಅದೂ ಬೇಗ ಸವೆಯುತ್ತದೆ. ಇನ್ನು ಟೈಮಿಂಗ್ ಗುರುತು ತಪ್ಪಿದರೆ, ಕೆಲವು ಎಂಜಿನ್ನುಗಳಲ್ಲಿ ಪಿಸ್ಟನ್ ಬಡಿದು ವಾಲ್ವ್ ಬಾಗಿಯೇ ಹೋಗುತ್ತದೆ. ಅಂಥ ಹಾನಿ ಕೆಲಸದವರ ಅಜಾಗರೂಕತೆಯಿಂದ ಆಗಿದ್ದರೆ ಕಾನೂನಿನ ಕಣ್ಣಲ್ಲಿ ಅದು ಸೇವಾ ನ್ಯೂನತೆ. ಗೊತ್ತಿದ್ದೂ ಮುಖ್ಯ ಮಾಹಿತಿ ಮುಚ್ಚಿಟ್ಟರೆ ಅದೂ ನ್ಯೂನತೆಯೇ. ಗ್ರೈಂಡ್ ಮಾಡಿಸಿದ ಹಳೆ ಶಾಫ್ಟನ್ನು ಹೊಸದೆಂದು ಹಾಕುವುದು, ಬಿಲ್ ಕೊಡದಿರುವುದು ಇವೆರಡನ್ನೂ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ.

‘ಹೊರಗೆ ಕೈ ಹಾಕಿಸಿದ್ದೀರಿ, ವಾರಂಟಿ ಹೋಯಿತು’ ಎಂಬ ಮಾತಿಗೆ ಹೆದರಿ ಸುಮ್ಮನಾಗುವವರು ಬಹಳ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳ ವಿರುದ್ಧ ಕೊಟ್ಟ ಆದೇಶದಲ್ಲಿ, ಇಂಥ ಸಾರಾಸಗಟು ಷರತ್ತು ಹಾಕಕೂಡದು, ಹೊರಗಿನ ಕೆಟ್ಟ ರಿಪೇರಿಯಿಂದ ಆದ ಹಾನಿಯ ಮಟ್ಟಿಗಷ್ಟೇ ವಾರಂಟಿ ನಿರಾಕರಿಸಬಹುದು ಎಂದು ಹೇಳಿತ್ತು.

ಜಗಳವಾದಾಗ ಗಾಡಿಯನ್ನು ಬಲವಂತವಾಗಿ ಎಳೆದು ತರಲು ಹೋಗಬೇಡಿ. ಮಾಡಿದ ಕೆಲಸದ ಕೂಲಿ ಸಂದಾಯವಾಗುವವರೆಗೆ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕನ್ನು ಕರಾರು ಕಾಯ್ದೆ, 1872ರ 170ನೇ ಕಲಂ ಕೆಲಸಗಾರನಿಗೆ ಕೊಟ್ಟಿದೆ. ಮೆಕ್ಯಾನಿಕ್ಕಿನ ಶ್ರಮಕ್ಕೂ ಕಾನೂನು ಬೆಲೆ ಕಟ್ಟಿರುವುದು ನ್ಯಾಯವೇ. ಬಿಲ್ಲಿನ ಮೇಲೆ ‘ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ’ ಎಂದು ಬರೆದು, ಯುಪಿಐ ಮೂಲಕ ಹಣ ಕೊಟ್ಟು ಗಾಡಿ ಬಿಡಿಸಿಕೊಳ್ಳಿ. ಆಮೇಲೆ ಗಡಿಬಿಡಿಯಲ್ಲಿ ಇನ್ನೊಂದು ಗ್ಯಾರೇಜಿಗೆ ಒಯ್ದು ಎಂಜಿನ್ ಬಿಚ್ಚಿಸಬೇಡಿ. ಬಿಚ್ಚಿದರೆ ಪುರಾವೆಯೂ ಕದಡುತ್ತದೆ. ಮೊದಲ ಗ್ಯಾರೇಜಿಗೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ, ವಿಡಿಯೋ ಮಾಡಿಸುತ್ತ, ಅನುಭವಿ ಮೆಕ್ಯಾನಿಕ್ಕಿನ ಲಿಖಿತ ಅಭಿಪ್ರಾಯ ಪಡೆಯಿರಿ. ಭಾಗದಲ್ಲೇ ದೋಷವಿದೆಯೆಂಬ ದೂರಾದರೆ ಗ್ರಾಹಕರ ಆಯೋಗ ಅದನ್ನು ಸೀಲ್ ಮಾಡಿಸಿ ಪ್ರಯೋಗಾಲಯಕ್ಕೆ ಕಳಿಸಬಲ್ಲದು.

ಆರ್‌ಟಿಒ ವಿಷಯ ಸರಳ. ಕಂಪನಿಯ ಅಳತೆಯದೇ ಕ್ಯಾಮ್‌ಶಾಫ್ಟ್ ಹಾಕಿದರೆ ಆರ್‌ಸಿ ತಿದ್ದಿಸಬೇಕಿಲ್ಲ. ಪೂರ್ತಿ ಎಂಜಿನ್ ಬದಲಿಸುವುದಾದರೆ ಅನುಮತಿ ಬೇಕು. ಮೋಟಾರು ವಾಹನ ಕಾಯ್ದೆ ಒಪ್ಪದ ಮಾರ್ಪಾಡಿಗೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.

ಟ್ಯಾಕ್ಸಿ, ಆಟೋ ಓಡಿಸುವವರು ‘ನಮ್ಮದು ಕಮರ್ಷಿಯಲ್ ಗಾಡಿ, ಕೇಸು ನಿಲ್ಲಲ್ಲ’ ಎಂದುಕೊಳ್ಳಬೇಡಿ. ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆಗೆ ಬಳಸುವ ಗಾಡಿಯನ್ನು ಕಾಯ್ದೆ ವಾಣಿಜ್ಯ ಉದ್ದೇಶದ್ದೆಂದು ಎಣಿಸುವುದಿಲ್ಲ.

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಿ. ಗ್ಯಾರೇಜ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿದ್ದು ನೀವು ಹಾಸನದಲ್ಲಿದ್ದರೆ ಹಾಸನದಲ್ಲೇ ದೂರು ಕೊಡಬಹುದು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಲೂ ಬರುತ್ತದೆ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಿ. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳುವುದೂ ಕಡ್ಡಾಯವಲ್ಲ, ನಿಮ್ಮ ದೂರನ್ನು ನೀವೇ ಮಂಡಿಸಬಹುದು.