ಡೀಸೆಲ್ ಪಂಪ್ ಬಿಟ್ಟು ಸೋಲಾರ್‌ಗೆ ಬರಲೇ?

ಖಂಡಿತ ಬನ್ನಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಎಂಜಿನ್ ಪಕ್ಕ ಎಣ್ಣೆ ಸೋರಿ ಕರಿಗಟ್ಟಿದ ಮಣ್ಣನ್ನು ನೀವೇ ನೋಡಿರುತ್ತೀರಿ, ಅಲ್ಲಿ ಹುಲ್ಲೂ ಸರಿಯಾಗಿ ಹುಟ್ಟುವುದಿಲ್ಲ. ಆ ಜಿಡ್ಡು ಬಾವಿಗೂ ಇಳಿಯಬಹುದು. ಸೋಲಾರ್ ಪಂಪಿನಲ್ಲಿ ಈ ಕಾಟವಿಲ್ಲ.

ಆದರೆ ನಿಮ್ಮದು ಗದಗ ಕಡೆಯ ಒಣಭೂಮಿ, ತೆರೆದ ಬಾವಿ. ನನ್ನ ಚಿಂತೆಯೆಲ್ಲ ನೀರಿನದು. ಡೀಸೆಲ್‌ಗೆ ದುಡ್ಡು ಸುರಿಯುವಾಗ ಕೈ ತಾನಾಗಿಯೇ ಬಿಗಿಯಾಗಿರುತ್ತದೆ. ಬಿಸಿಲಿಗೆ ಬಿಲ್ ಇಲ್ಲವೆಂದು ಬೆಳಗಿನಿಂದ ಸಂಜೆವರೆಗೆ ಪಂಪ್ ಓಡಿಸಿದರೆ ಬೇಸಿಗೆಗೆ ಬಾವಿಯ ತಳ ಕಾಣುತ್ತದೆ. ಮೆಣಸಿನ ಗಿಡಕ್ಕೆ ಹಾಯಿನೀರು ಬೇಡ, ಡ್ರಿಪ್ ಹಾಕಿಸಿ. ಬುಡದ ಮಣ್ಣನ್ನು ಬೆರಳಲ್ಲಿ ಕೆದಕಿ ನೋಡಿ. ಒಳಗೆ ತೇವವಿದ್ದರೆ ಅಂದು ಪಂಪ್ ಶುರು ಮಾಡಬೇಡಿ.

ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಗ್ರಾಮದ ರೈತರು 2016ರಲ್ಲೇ ಸಹಕಾರ ಸಂಘ ಕಟ್ಟಿಕೊಂಡು, ಮಿಕ್ಕ ಸೌರ ವಿದ್ಯುತ್ತನ್ನು ಗ್ರಿಡ್‌ಗೆ ಮಾರತೊಡಗಿದರು. ನೀರೆತ್ತದೆ ಉಳಿಸಿದರೂ ಅವರಿಗೆ ಹಣ ಬರುತ್ತದೆ. ಅಂತರ್ಜಲ ಉಳಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಡೀಸೆಲ್ ಪಂಪ್ ಬದಲಿಸಲು ಪಿಎಂ-ಕುಸುಮ್ ಯೋಜನೆಯಲ್ಲಿ ಸಹಾಯಧನವಿದೆ. ಅರ್ಜಿ ಹಾಕುವ ಮುನ್ನ ಬೇಸಿಗೆಯಲ್ಲಿ ಬಾವಿಗೆ ಎಷ್ಟು ನೀರು ಊರುತ್ತದೆಂದು ಅಳೆದು, ಅದಕ್ಕೆ ಹೊಂದುವಷ್ಟೇ ಅಶ್ವಶಕ್ತಿಯ ಪಂಪ್ ಕೇಳಿ.